ನಾಲ್ಕು ದೇವಾಲಯ, ಒಂದೇ ಪಂಕ್ತಿ

ಬೆಂಗಳೂರಿನ ಅವೆನ್ಯೂ ರಸ್ತೆಗೆ ಒಂದು ಕಾಲದಲ್ಲಿ ದೊಡ್ಡಪೇಟೆ ಎಂಬ ಹೆಸರಿತ್ತು. ಪುಸ್ತಕದ ಅಂಗಡಿಗಳು, ಬಟ್ಟೆಯ ಮಳಿಗೆಗಳು, ತಲೆಯ ಮೇಲೆ ಮೂಟೆ ಹೊತ್ತು ದಾರಿ ಬಿಡಿಸಿಕೊಳ್ಳುವ ಹಮಾಲರು, ಗಲ್ಲಿಗಳಿಂದ ಹೊರಬೀಳುವ ಜನಸಾಗರ. ಈ ಗದ್ದಲದ ನಡುವೆ, ಕಂಬಗಳ ಮುಖಮಂಟಪವುಳ್ಳ ದೇವಾಲಯವೊಂದು ಅಂಗಡಿಗಳ ಮರೆಯಲ್ಲಿ ನಿಂತಿದೆ. ನಿತ್ಯವೂ ಆ ದಾರಿಯಲ್ಲಿ ಓಡಾಡುವವರಿಗೂ ಅದು ಕಣ್ಣಿಗೆ ಬೀಳದೆ ಹೋಗಬಹುದು. ಅದೇ ರೈಸ್ ಸ್ಮಾರಕ ದೇವಾಲಯ. ಭಾನುವಾರ ಅಲ್ಲಿ ಕೇಳಿಬರುವ ಪ್ರಾರ್ಥನೆ ಕನ್ನಡದ್ದು.

ಅಲ್ಲಿಂದ ಹೊರಟು ನಗರಸಭೆಯ ಕಡೆಗೆ ನಡೆದರೆ ಹಡ್ಸನ್ ವೃತ್ತದಲ್ಲಿ ಕಲ್ಲಿನ ಗೋಪುರವೊಂದು ಎದುರಾಗುತ್ತದೆ. ಕಬ್ಬನ್ ಉದ್ಯಾನದ ಅಂಚು ಹಿಡಿದು ಮುಂದುವರಿದರೆ ಮಹಾತ್ಮ ಗಾಂಧಿ ರಸ್ತೆಯ ಮೊದಲಲ್ಲೇ ಸೇಂಟ್ ಮಾರ್ಕ್ಸ್ ದೇವಾಲಯದ ಗುಮ್ಮಟ ಕಾಣುತ್ತದೆ. ಮತ್ತಷ್ಟು ನಡೆದು ಕಬ್ಬನ್ ರಸ್ತೆಯನ್ನು ಸೇರಿದರೆ ಕೆಂಬಣ್ಣದ ಸೇಂಟ್ ಆಂಡ್ರೂಸ್. ನಿಧಾನವಾಗಿ ನಡೆದರೂ ಒಂದು ಬೆಳಗಿನ ಹಾದಿ ಇದು. ಈ ನಾಲ್ಕು ದೇವಾಲಯಗಳೂ ಇಂದು ದಕ್ಷಿಣ ಭಾರತ ಸಭೆ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಆದರೆ ಇವನ್ನು ಕಟ್ಟಿದವರು ಒಂದೇ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ.

ನಾಲ್ಕು ಮನೆಗಳು

ಪಂಕ್ತಿ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಕ್ರಿಸ್ತನು ತನ್ನ ಕೊನೆಯ ರಾತ್ರಿ ಶಿಷ್ಯರೊಡನೆ ಕುಳಿತು ರೊಟ್ಟಿಯನ್ನು ಮುರಿದು ಹಂಚಿದ ನೆನಪಿಗೆ ಕ್ರೈಸ್ತರು ಆಚರಿಸುವ ಕರ್ತನ ಭೋಜನವೇ ಅವರ ಆರಾಧನೆಯ ಹೃದಯ. ಯಾರು ಯಾರೊಡನೆ ಆ ರೊಟ್ಟಿಯನ್ನು ತೆಗೆದುಕೊಳ್ಳಬಹುದು, ಯಾವ ಪಾದ್ರಿಯ ಕೈಯಿಂದ ತೆಗೆದುಕೊಂಡರೆ ಅದು ಸಲ್ಲುತ್ತದೆ ಎಂಬ ಪ್ರಶ್ನೆಗಳೇ ಯೂರೋಪಿನ ಸಭೆಗಳನ್ನು ಶತಮಾನಗಳ ಕಾಲ ಒಡೆದಿದ್ದವು. ಪಂಕ್ತಿಭೇದವೆಂದರೆ ಏನೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. 1808ರಲ್ಲಿ ಅದರ ಕೆಲಸ ಆರಂಭವಾಯಿತು. 1816ರಲ್ಲಿ ಪ್ರತಿಷ್ಠಾಪನೆ ನಡೆಯಿತು. ದಂಡಿನ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಎದ್ದ ದೇವಾಲಯವಾದ್ದರಿಂದ ಅದರ ಗೋಡೆಗಳ ಮೇಲೆ ಯುದ್ಧದಲ್ಲಿ ಮಡಿದವರ ಸ್ಮಾರಕ ಫಲಕಗಳಿವೆ. 1923ರ ಬೆಂಕಿಯಲ್ಲಿ ಹಾನಿಗೊಂಡ ಕಟ್ಟಡ ಮತ್ತೆ ನಿರ್ಮಾಣಗೊಂಡು 1927ರಲ್ಲಿ ಬಾಗಿಲು ತೆರೆಯಿತು. ಆಂಗ್ಲಿಕನ್ನರ ನಂಬಿಕೆಯಲ್ಲಿ ಬಿಷಪರ ಸ್ಥಾನ ಹಿರಿದು. ಅಪೊಸ್ತಲರ ಕಾಲದಿಂದ ತಲೆಯ ಮೇಲೆ ಕೈಯಿಟ್ಟು ಹರಸುತ್ತ ಬಂದ ಗುರುಪರಂಪರೆಗೆ ಸೇರದ ಪಾದ್ರಿಯ ಅಧಿಕಾರ ಅವರಿಗೆ ಸಂಶಯಾಸ್ಪದ.

ಸೇಂಟ್ ಆಂಡ್ರೂಸ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರದು. 1866ರಲ್ಲಿ ಆರಾಧನೆಗೆ ತೆರೆಯಿತು. ಅವರಲ್ಲಿ ಬಿಷಪರೇ ಇಲ್ಲ. ಸಭೆಯ ಹಿರಿಯರ ಮಂಡಲಿಗೇ ಆಡಳಿತ.

ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮೆಥಡಿಸ್ಟರದು. ಮೈಸೂರು ಸೀಮೆಯಲ್ಲಿ ಶಿಕ್ಷಣಕ್ಕಾಗಿ ದುಡಿದ ಜೊಸಾಯ ಹಡ್ಸನ್ನರ ಹೆಸರಿನಲ್ಲಿ 1904ರಲ್ಲಿ ಇದು ಎದ್ದಿತು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಇಂಗ್ಲೆಂಡಿನ ಸಭೆಯೊಳಗೆ ಹಚ್ಚಿದ ಭಕ್ತಿಯ ಕಿಡಿ ಮುಂದೆ ಬೇರೆಯೇ ಪಂಥವಾಯಿತು. ಇದು ಆ ಪಂಥದ ಕನ್ನಡ ಸಭೆಯ ಮನೆ.

ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. 1795ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನು ಮುಖ್ಯವಾಗಿ ಪೋಷಿಸಿದವರು ಕಾಂಗ್ರಿಗೇಶನಲ್ ಪಂಥದವರು. ಅವರ ಮತದಲ್ಲಿ ಪ್ರತಿಯೊಂದು ಊರಿನ ಸಭೆಯೂ ಸ್ವತಂತ್ರ. ಮೇಲೆ ಬಿಷಪನೂ ಬೇಡ, ಮಂಡಲಿಯೂ ಬೇಡ. ಬೆಂಜಮಿನ್ ರೈಸ್ 1837ರ ಸುಮಾರಿಗೆ ಬೆಂಗಳೂರಿಗೆ ಬಂದು 1887ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನ ಈ ನಾಡಿಗಾಗಿ ದುಡಿದರು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂಲಕ ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಇವರ ಮಗ, ಹುಟ್ಟಿದ್ದು ಬೆಂಗಳೂರಿನಲ್ಲೇ.

ನಮ್ಮದಲ್ಲದ ಜಗಳ

ಈ ಭೇದಗಳಲ್ಲಿ ಒಂದಾದರೂ ಕನ್ನಡ ನೆಲದಲ್ಲಿ ಹುಟ್ಟಿದ್ದಲ್ಲ. ಪರಸ್ಪರ ಪೈಪೋಟಿ ಬೇಡವೆಂದು ಮಿಷನ್ನುಗಳು ಸೀಮೆಗಳನ್ನು ಹಂಚಿಕೊಂಡಿದ್ದವು. ಬಳ್ಳಾರಿ, ಬೆಳಗಾವಿ, ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನ ಪಾಲು. ಮೈಸೂರು, ತುಮಕೂರು, ಗುಬ್ಬಿ ವೆಸ್ಲಿಯನ್ನರ ಪಾಲು. ಮಂಗಳೂರು, ಧಾರವಾಡ, ಕೊಡಗು ಬಾಸೆಲ್ ಮಿಷನ್ನಿನ ಪಾಲು. ಹೀಗಾಗಿ ಗುಬ್ಬಿಯಲ್ಲಿ ದೀಕ್ಷಾಸ್ನಾನ ಪಡೆದವನು ವೆಸ್ಲಿಯನ್ನನಾದ, ಬಳ್ಳಾರಿಯವನು ಲಂಡನ್ನಿನವನಾದ. ಇಬ್ಬರಿಗೂ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಇಂಗ್ಲೆಂಡಿನ ಚರಿತ್ರೆಯಲ್ಲಿ ತಮ್ಮ ಪಂಥಗಳು ಏಕೆ ಬೇರಾದವೆಂಬುದರ ಗೊಡವೆಯೂ ಇರಲಿಲ್ಲ. ಉದ್ಯೋಗಕ್ಕೆಂದು ಇಬ್ಬರೂ ಬೆಂಗಳೂರಿಗೆ ಬಂದು ಒಂದೇ ಬೀದಿಯಲ್ಲಿ ಮನೆ ಮಾಡಿದಾಗ ಎರಡು ಬೇರೆ ದೇವಾಲಯಗಳ ದಾರಿ ಹಿಡಿಯಬೇಕಾಗುತ್ತಿತ್ತು. ಹಳ್ಳಿಯಲ್ಲಿ ಕಾಣದ ಬಿರುಕು ಪಟ್ಟಣದಲ್ಲಿ ಕಾಣಿಸಿತು.

ಸಭೆಗಳು ಒಂದಾಗುವ ಮೊದಲೇ ಕನ್ನಡ ಭಾಷೆ ಅವನ್ನು ಒಂದು ಮೇಜಿನ ಸುತ್ತ ಕೂರಿಸಿತ್ತೆಂಬುದು ಗಮನಾರ್ಹ. ಲಂಡನ್ ಮಿಷನ್ನಿನ ವಿಲಿಯಂ ರೀವ್ 1832ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಹೊರತಂದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಲಂಡನ್ ಮಿಷನ್ನಿನ ರೈಸ್, ಬಾಸೆಲಿನ ವೈಗಲ್, ವೆಸ್ಲಿಯನ್ನರ ಸ್ಯಾಂಡರ್ಸನ್ ಕೈಜೋಡಿಸಿದರು. ಕರ್ತನ ಭೋಜನದಲ್ಲಿ ಒಪ್ಪಿಗೆಯಾಗದವರು ಕನ್ನಡದ ಒಂದು ಕ್ರಿಯಾಪದದ ವಿಷಯದಲ್ಲಿ ಒಪ್ಪಿಗೆಗೆ ಬಂದರು! ಅದೂ ಸಣ್ಣ ಸಂಗತಿಯಲ್ಲ.

ಎರಡನೆಯ ಹೆಜ್ಜೆ ಬೆಂಗಳೂರಿನದೇ. ಮಿಲ್ಲರ್ಸ್ ರಸ್ತೆಯ ಮರಗಳ ನೆರಳಿನಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾಯಿತು. ಹಲವು ಮಿಷನ್ನುಗಳು ಒಟ್ಟುಗೂಡಿ ನಡೆಸಿದ ಈ ವಿದ್ಯಾಲಯದ ಮೊದಲ ಪ್ರಾಂಶುಪಾಲರು ಡೆನ್ಮಾರ್ಕಿನ ಎಲ್. ಪಿ. ಲಾರ್ಸನ್. ಬೇರೆ ಬೇರೆ ಪಂಥಗಳ ಯುವಕರು ಒಂದೇ ವಿದ್ಯಾರ್ಥಿನಿಲಯದಲ್ಲಿ ಉಂಡು, ಒಂದೇ ತರಗತಿಯಲ್ಲಿ ಓದಿ, ಸಭಾಪಾಲಕರಾಗಿ ಊರೂರಿಗೆ ಹೋದರು. ಸಹಪಾಠಿಯನ್ನು ಪರಕೀಯನೆಂದು ಎಣಿಸುವುದು ಯಾರಿಗಾದರೂ ಕಷ್ಟವೇ ಸರಿ.

ತರಂಗಂಬಾಡಿಯಿಂದ ಮದರಾಸಿಗೆ

ಆದರೆ ಒಂದಾಗಬೇಕೆಂಬ ಮಾತನ್ನು ಗಟ್ಟಿಯಾಗಿ ಆಡಿದ್ದು ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ. ಡೇನರ ಹಳೆಯ ಕೋಟೆಯಿರುವ ಆ ಪುಟ್ಟ ಊರಿಗೆ 1706ರಲ್ಲಿ ಜೀಗನ್‌ಬಾಲ್ಗ್ ಬಂದಿಳಿದಾಗ ಭಾರತದ ಪ್ರಾಟೆಸ್ಟೆಂಟ್ ಚರಿತ್ರೆ ತೊಡಗಿತ್ತು. ಅಲ್ಲಿಯೇ 1919ರ ಮೇ 1 ಮತ್ತು 2ರಂದು 33 ಮಂದಿ ಸೇರಿದರು. ಇಬ್ಬರು ಹೊರತು ಉಳಿದವರೆಲ್ಲರೂ ಭಾರತೀಯರು. ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪರಾಗಿದ್ದ ದೋರ್ನಕಲ್ಲಿನ ವಿ. ಎಸ್. ಅಜರಯ್ಯ ಮತ್ತು ದಕ್ಷಿಣ ಭಾರತ ಐಕ್ಯ ಸಭೆಯ ವೇದನಾಯಗಂ ಸಾಂತಿಯಾಗೊ ಮುಂದಾಳುಗಳು. ಈ ಒಡಕುಗಳು ಹೊರನಾಡಿನಿಂದ ಬಂದವು. ನಾವು ಮಾಡಿಕೊಂಡದ್ದಲ್ಲ, ನಾವು ಬಯಸಿದ್ದೂ ಅಲ್ಲ ಎಂಬುದು ಅವರ ಘೋಷಣೆಯ ತಾತ್ಪರ್ಯ.

ಹೇಳಿದಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಮಾತುಕತೆ ಇಪ್ಪತ್ತೆಂಟು ವರ್ಷ ಎಳೆಯಿತು. ಬಿಷಪರಿಂದ ದೀಕ್ಷೆ ಪಡೆಯದ ಪಾದ್ರಿಗಳ ಗತಿಯೇನು ಎಂಬುದೇ ತೊಡಕಿನ ಗಂಟು. ಮತ್ತೆ ದೀಕ್ಷೆ ಕೊಡಬೇಕೆಂದರೆ ಅವರು ಈವರೆಗೆ ನಡೆಸಿದ ಸೇವೆಗೆಲ್ಲ ಅವಮಾನ. ಬೇಡವೆಂದರೆ ಆಂಗ್ಲಿಕನ್ನರ ಮನಸ್ಸಾಕ್ಷಿಗೆ ಪೆಟ್ಟು. ಕೊನೆಗೆ ಕಂಡ ದಾರಿ ಸಂಸಾರಸ್ಥರು ಮೆಚ್ಚುವಂಥದು. ಇರುವ ಪಾದ್ರಿಗಳೆಲ್ಲರನ್ನೂ ಇರುವಂತೆಯೇ ಒಪ್ಪಿಕೊಳ್ಳುವುದು. ಇನ್ನು ಮುಂದೆ ದೀಕ್ಷೆ ಪಡೆಯುವವರು ಬಿಷಪರಿಂದಲೇ ಪಡೆಯುವುದು. 30 ವರ್ಷ ಒಟ್ಟಿಗೆ ಬಾಳಿದ ಮೇಲೆ ಉಳಿದ ಪ್ರಶ್ನೆಯನ್ನು ಮತ್ತೆ ಯೋಚಿಸುವುದು. ಅಷ್ಟೇ ಅಲ್ಲದೆ, ಯಾವ ಸಭೆಯ ಮೇಲೂ ಅದಕ್ಕೆ ಒಗ್ಗದ ಆರಾಧನಾಕ್ರಮವನ್ನಾಗಲಿ, ಮನಸ್ಸಾಕ್ಷಿಗೆ ಒಪ್ಪದ ಪಾದ್ರಿಯನ್ನಾಗಲಿ ಹೇರುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟರು. ಮೊದಲು ಎಲ್ಲದರಲ್ಲೂ ಏಕಾಭಿಪ್ರಾಯ, ಆಮೇಲೆ ಸಹಬಾಳ್ವೆ ಎಂದು ಅವರು ಕಾಯಲಿಲ್ಲ. ಸಹಬಾಳ್ವೆಯಿಂದಲೇ ಏಕಾಭಿಪ್ರಾಯ ಬೆಳೆದೀತೆಂದು ನಂಬಿದರು.

1947ರ ಸೆಪ್ಟೆಂಬರ್ 27, ಶನಿವಾರ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಗಳಷ್ಟೇ ಕಳೆದಿದ್ದವು. ದೇಶ ಇಬ್ಭಾಗವಾದ ನೋವಿನ ಸುದ್ದಿ ನಿತ್ಯವೂ ಬರುತ್ತಿದ್ದ ಕಾಲದಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳು 1908ರಲ್ಲೇ ಕೂಡಿ ಆಗಿದ್ದ ಐಕ್ಯ ಸಭೆಯವರು ಒಂದಾದರು. ತಿರುವಾಂಕೂರು–ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಘೋಷಣೆಯನ್ನು ಓದಿದರು. ಸುಮಾರು 10 ಲಕ್ಷ ಕ್ರೈಸ್ತರು ಅಂದು ಒಂದೇ ಸಭೆಯವರಾದರು. ಬಿಷಪರನ್ನುಳ್ಳ ಸಭೆಯೂ ಬಿಷಪರಿಲ್ಲದ ಸಭೆಗಳೂ ಹೀಗೆ ಕೂಡಿದ್ದು ಪ್ರಪಂಚದಲ್ಲೇ ಮೊದಲು. ಹೊಸದಾಗಿ ಅಭಿಷೇಕಗೊಂಡ ಬಿಷಪರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಲೆಸ್ಲಿ ನ್ಯೂಬಿಗಿನ್ ಒಬ್ಬರು. ಮೈಸೂರು ಸೀಮೆಗೆ ನೇಮಕಗೊಂಡ ಪಿ. ಗುರುಶಾಂತರು ಮತ್ತೊಬ್ಬರು. ಈ ದಿನಕ್ಕಾಗಿ ಜೀವ ತೇಯ್ದಿದ್ದ ಅಜರಯ್ಯನವರು ಮಾತ್ರ ಅದನ್ನು ಕಾಣಲಿಲ್ಲ. 1945ರ ಜನವರಿ 1ರಂದೇ ಅವರು ತೀರಿಕೊಂಡಿದ್ದರು.

ಕೂಡಿದ ಮೇಲೆ

ಮದುವೆಯ ಚಪ್ಪರ ಇಳಿಸಿದ ಮೇಲೆ ಸಂಸಾರ ತೊಡಗುವಂತೆ, ನಿಜವಾದ ಕೆಲಸ ಮರುದಿನ ಆರಂಭವಾಯಿತು. ಎಲ್ಲರೂ ಬಂದು ಸೇರಲಿಲ್ಲ. ನಂದ್ಯಾಲದ ಕಡೆಯ ಹಲವು ಆಂಗ್ಲಿಕನ್ ಸಭೆಗಳು ಬಹುಕಾಲ ಹೊರಗೇ ಉಳಿದವು. ಧಾರವಾಡ ಕಡೆಯ ಬಾಸೆಲ್ ಮಿಷನ್ ಸಭೆಗಳು 1968ರಲ್ಲಿ ಸೇರಿದವು. 1970ರಲ್ಲಿ ಮೈಸೂರು ಡಯೊಸೀಸು ಕರ್ನಾಟಕದ ಉತ್ತರ, ಮಧ್ಯ, ದಕ್ಷಿಣವೆಂದು ಮೂರಾಯಿತು. ಸೇಂಟ್ ಮಾರ್ಕ್ಸ್ ಇಂದು ಮಧ್ಯ ಡಯೊಸೀಸಿನ ಕಥೀಡ್ರಲ್. ಆ ವರ್ಷವೇ ನವೆಂಬರಿನಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಿತು. ಸೇರಲು ಹಿಂಜರಿದಿದ್ದ ನಂದ್ಯಾಲವೂ ಕಾಲಕ್ರಮದಲ್ಲಿ ಸೇರಿತು. 2013ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪರಾಗಿ ಇ. ಪುಷ್ಪಲಲಿತಾ ಅವರು ಅಭಿಷೇಕಗೊಂಡಿದ್ದು ಆ ನಂದ್ಯಾಲ ಡಯೊಸೀಸಿಗೇ!

ಕುಟುಂಬವೆಂದ ಮೇಲೆ ಕುಟುಂಬದ ಕಷ್ಟಗಳೂ ಇವೆ. ಹಿಂದಿನವರು ಬಿಟ್ಟುಹೋದ ನಿವೇಶನ, ಶಾಲೆ, ಆಸ್ಪತ್ರೆಗಳ ವಿಷಯದಲ್ಲಿ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಪಂಥದ ಗೋಡೆ ಬಿದ್ದ ಕಡೆ ಭಾಷೆಯ ಗೋಡೆ, ಜಾತಿಯ ಗೋಡೆ ಉಳಿದದ್ದುಂಟು. ಪೇಟೆಯ ಕನ್ನಡ ಸಭೆಗೂ ದಂಡಿನ ಇಂಗ್ಲಿಷ್ ಸಭೆಗೂ ನಡುವಣ ದೂರ ಮೈಲಿಗಳಲ್ಲಿ ಅಳೆಯುವಂಥದ್ದಲ್ಲ. ಇದೇ ನಗರದ ಶಿವಾಜಿನಗರದಲ್ಲಿ ಲಕ್ಷಾಂತರ ಭಕ್ತರನ್ನು ಸೆಳೆಯುವ ಸೇಂಟ್ ಮೇರಿ ಬಸಿಲಿಕ ರೋಮನ್ ಕ್ಯಾಥೊಲಿಕರದು. ಈ ಐಕ್ಯದ ಹೊರಗಿನದು. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ತನ್ನವರೆಲ್ಲರೂ ಒಂದಾಗಿರಲೆಂದು ಕ್ರಿಸ್ತನು ಮಾಡಿದ ಪ್ರಾರ್ಥನೆಯನ್ನು ದಕ್ಷಿಣ ಭಾರತ ಸಭೆ ತನ್ನ ಧ್ಯೇಯವಾಕ್ಯವಾಗಿ ಶಿಲುಬೆ ಮತ್ತು ತಾವರೆಯ ಲಾಂಛನದೊಡನೆ ಇಟ್ಟುಕೊಂಡಿದೆ. ಅದು ಇನ್ನೂ ಪ್ರಾರ್ಥನೆಯಾಗಿಯೇ ಇದೆಯೆಂಬುದನ್ನು ಆ ಸಭೆಯವರೇ ಬಲ್ಲರು.

ಆದರೂ ಬೆಳೆದದ್ದು ಕಡಿಮೆಯಲ್ಲ. 1950ರಲ್ಲಿ ಈ ಸಭೆ ಕರ್ತನ ಭೋಜನಕ್ಕೆ ತನ್ನದೇ ಆದ ಕ್ರಮವೊಂದನ್ನು ರೂಪಿಸಿತು. ಪಾದ್ರಿಯು ಜನರಿಗೆ ಬೆನ್ನು ಹಾಕದೆ, ಮೇಜಿನ ಆಚೆ ನಿಂತು ಅವರನ್ನೇ ನೋಡುತ್ತ ಆರಾಧನೆ ನಡೆಸುವುದು ಅದರ ಒಂದು ವಿಶೇಷ. ಇನ್ನೊಂದನ್ನು ಕೇರಳದ ಪ್ರಾಚೀನ ಸಿರಿಯನ್ ಕ್ರೈಸ್ತರಿಂದ ಎರವಲು ಪಡೆಯಲಾಯಿತು. ರೊಟ್ಟಿಯನ್ನು ಹಂಚುವ ಮೊದಲು ಸಮಾಧಾನವನ್ನು ಹಂಚಬೇಕು. ಕೊಡುವವರು ತಮ್ಮ ಬಲಗೈಯನ್ನು ಪಡೆಯುವವರ ಬಲ ಅಂಗೈಯಲ್ಲಿಡುತ್ತಾರೆ. ಇಬ್ಬರೂ ಎಡಗೈಯಿಂದ ಮತ್ತೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಪಡೆದವರು ಪಕ್ಕದವರಿಗೆ ದಾಟಿಸುತ್ತಾರೆ. ಪಾಶ್ಚಾತ್ಯ ದೇಶಗಳ ಅನೇಕ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಳ್ಳುವಾಗ ದಕ್ಷಿಣ ಭಾರತದ ಈ ಕ್ರಮವನ್ನು ಆಸಕ್ತಿಯಿಂದ ನೋಡಿದವು. ಒಡಕನ್ನು ಕಳುಹಿಸಿದ ನಾಡುಗಳಿಗೆ ಕೂಡುವ ಬಗೆಯೊಂದು ಇಲ್ಲಿಂದ ಹೋಯಿತು.

ಅವೆನ್ಯೂ ರಸ್ತೆಯ ರೈಸ್ ದೇವಾಲಯ ಕನ್ನಡದಲ್ಲಿ ಹಾಡುತ್ತದೆ. ಸೇಂಟ್ ಆಂಡ್ರೂಸ್ ಇಂಗ್ಲಿಷಿನಲ್ಲಿ ಹಾಡುತ್ತದೆ. ಹಡ್ಸನ್ನಿನ ಗೋಪುರ ಸೇಂಟ್ ಮಾರ್ಕ್ಸಿನ ಗುಮ್ಮಟವಾಗಲಿಲ್ಲ. ಆಗಬೇಕೆಂದು ಯಾರೂ ಕೇಳಲೂ ಇಲ್ಲ. ಆದರೆ ಗುಬ್ಬಿಯಿಂದ ಬಂದ ಮನೆತನದವರೂ ಬಳ್ಳಾರಿಯಿಂದ ಬಂದ ಮನೆತನದವರೂ ಈ ನಾಲ್ಕರಲ್ಲಿ ಯಾವುದರೊಳಗೆ ಕಾಲಿಟ್ಟರೂ, ನಿಮ್ಮದು ಯಾವ ಮಿಷನ್ನು ಎಂದು ಕೇಳದೆ ಪಂಕ್ತಿಯಲ್ಲಿ ಅವರಿಗೆ ಸ್ಥಳ ಮಾಡಿಕೊಡುತ್ತಾರೆ.