ಸರ್ಕಸ್ ಶಾಲೆಯಲ್ಲಿ ನನ್ನ ದಿನಚರಿ

ಸರ್ಕಸ್ಸನ್ನು ಒಮ್ಮೆಯೂ ನೋಡದ ಮನೆಯು ನಮ್ಮ ನಾಡಿನಲ್ಲಿ ಅಪೂರ್ವವೆಂದೇ ಹೇಳಬೇಕು. ಊರ ಹೊರಗಿನ ಬಯಲಿನಲ್ಲಿ ಡೇರೆ ಎದ್ದಿತೆಂದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಹೋಗಿ ಬೆರಗಾಗಿ ಬಂದವರೇ. ಆದರೆ ಮೇಲೆ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರಿದ ಆ ಹುಡುಗನು ಯಾರ ಮಗ, ಆ ವಿದ್ಯೆಯನ್ನು ಎಲ್ಲಿ ಕಲಿತನು, ಬೆಳಗಿನಿಂದ ರಾತ್ರಿಯವರೆಗೆ ಅವನ ಬಾಳು ಹೇಗೆ ಸಾಗುವುದು ಎಂದು ವಿಚಾರಿಸುವವರು ವಿರಳ. ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಶಾಲೆಗಳೂ ಉಂಟು, ಅಲ್ಲಿ ಪಾಠ ಪರೀಕ್ಷೆಗಳೂ ಉಂಟು ಎಂದರೆ ನಂಬುವವರು ಇನ್ನೂ ವಿರಳ. ನಾನು ಅಂತಹ ಶಾಲೆಯೊಂದರಲ್ಲಿ ಮೂರನೆಯ ವರುಷದ ವಿದ್ಯಾರ್ಥಿ. ನನ್ನ ದಿನಗಳು ಹೇಗೆ ಕಳೆಯುವುವೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಬರಹದ ಉದ್ದೇಶ.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ನಮ್ಮ ಶಾಲೆಯು ೧೯೮೧ರಲ್ಲಿ ಆರಂಭವಾಯಿತು. ೨೦೦೩ರಿಂದ ಅದು ಸೇಂಟ್ ಮಿಷೆಲ್ ಎಂಬ ಭಾಗದಲ್ಲಿ ಹೊಸ ಕಟ್ಟಡದಲ್ಲಿ ನಡೆಯುತ್ತಿದೆ. ಆ ಸ್ಥಳದ ಕಥೆಯೂ ಸ್ವಾರಸ್ಯವಾದುದು. ಹಿಂದೆ ಅದರ ಬದಿಯಲ್ಲಿ ಸುಣ್ಣಕಲ್ಲಿನ ದೊಡ್ಡ ಗಣಿಯಿದ್ದಿತು. ಕಲ್ಲು ತೆಗೆದ ಕುಳಿಯಲ್ಲಿ ನಗರದ ಕಸವನ್ನು ತಂದು ತುಂಬಿದರು. ಈಗ ಅದರ ಮೇಲೆ ಹುಲ್ಲು ಗಿಡಗಳನ್ನು ಬೆಳೆಯಿಸಿ ಉದ್ಯಾನವನ್ನು ಮಾಡಿದ್ದಾರೆ. ಶಾಲೆಯ ನೆರೆಯಲ್ಲಿ ೨೦೦೪ರಲ್ಲಿ ತೆರೆದ ದುಂಡನೆಯ ಪ್ರದರ್ಶನಮಂದಿರವಿದೆ. ಆನೆ, ಹುಲಿ, ಕರಡಿಗಳು ನಮ್ಮಲ್ಲಿಲ್ಲ. ಮನುಷ್ಯನ ಮೈಯೊಂದೇ ಇಲ್ಲಿಯ ಪ್ರಾಣಿ. ಅದನ್ನು ಪಳಗಿಸುವುದೇ ಇಲ್ಲಿಯ ಕೆಲಸ.

ಧಾರವಾಡದ ಕಡೆಯ ಹಳ್ಳಿಯ ಹುಡುಗನು ಇಲ್ಲಿಗೆ ಹೇಗೆ ಬಂದನೆಂದು ವಾಚಕರು ಕೇಳಬಹುದು. ನನ್ನನ್ನು ಇಲ್ಲಿಗೆ ಕರೆತಂದುದು ಮಲ್ಲಕಂಬ. ನಮ್ಮ ಊರ ಗರಡಿಯಲ್ಲಿ ಎಂಟನೆಯ ವಯಸ್ಸಿನಿಂದ ನಾನು ಅದನ್ನು ಹತ್ತುತ್ತಿದ್ದೆನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರು ಕಂಬದ ಮೇಲೆ ಸಾಧನೆ ಮಾಡುವ ವಿಷಯವು ಬಂದಿದೆಯೆಂದರೆ, ಈ ವಿದ್ಯೆಯು ನಮ್ಮ ನೆಲಕ್ಕೆ ಎಷ್ಟು ಹಳೆಯದೆಂಬುದನ್ನು ಊಹಿಸಬಹುದು. ಮಾಂಟ್ರಿಯಲ್ಲಿನಲ್ಲಿ ನಾನು ಕಲಿಯುವುದೂ ಕಂಬವನ್ನೇ. ಇದಕ್ಕೆ ಚೀನೀ ಕಂಬವೆಂದು ಹೆಸರು. ಎರಡಕ್ಕೂ ಇರುವ ಭೇದವು ವಿನೋದಕರವಾಗಿದೆ. ನಮ್ಮದು ಮರದ ಕಂಬ, ಆಳೆತ್ತರಕ್ಕಿಂತ ತುಸು ಹೆಚ್ಚು. ಅದಕ್ಕೆ ಹರಳೆಣ್ಣೆಯನ್ನು ಸವರಿ, ಬರಿಮೈಯಿಂದ ಹತ್ತುವರು. ಇಲ್ಲಿಯದು ಉಕ್ಕಿನ ಕಂಬ, ಸುಮಾರು ೨೦ ಅಡಿ ಎತ್ತರ. ಅದಕ್ಕೆ ರಬ್ಬರಿನ ಹೊದಿಕೆ. ಬರಿಮೈಯಿಂದ ಇದನ್ನು ಅಪ್ಪಿ ಜಾರಿದರೆ ಚರ್ಮವು ಸುಲಿಯುವುದರಿಂದ ಒಂದರ ಮೇಲೊಂದು ದಪ್ಪ ಬಟ್ಟೆಗಳನ್ನು ತೊಡಬೇಕು. ಅಲ್ಲಿ ಎಣ್ಣೆ ಜಾರಿಸುವುದು, ಮೈ ಹಿಡಿಯಬೇಕು. ಇಲ್ಲಿ ರಬ್ಬರು ಹಿಡಿಯುವುದು, ಮೈ ಜಾರಲು ಕಲಿಯಬೇಕು.

ಬೆಳಗ್ಗೆ ಆರು ಗಂಟೆಗೆ ನಾನು ಏಳುತ್ತೇನೆ. ಚಳಿಗಾಲವಾದರೆ ಆಗಿನ್ನೂ ಕಗ್ಗತ್ತಲೆ. ಹೊರಗೆ ಮೊಳಕಾಲುದ್ದ ಹಿಮ. ಗಂಜಿಯನ್ನು ಕುಡಿದು, ಎರಡು ಬಾಳೆಯ ಹಣ್ಣುಗಳನ್ನು ಚೀಲದಲ್ಲಿಟ್ಟುಕೊಂಡು, ಬಸ್ಸನ್ನು ಹಿಡಿದು ಶಾಲೆಯನ್ನು ಸೇರುವ ಹೊತ್ತಿಗೆ ಕಿವಿಗಳು ಮರಗಟ್ಟಿರುತ್ತವೆ. ಇಂತಹ ಮೈಯನ್ನು ಒಮ್ಮೆಗೇ ದುಡಿಸಲು ಗುರುಗಳು ಬಿಡುವುದಿಲ್ಲ. ಮೊದಲು ಮಂದವಾಗಿ ಓಡುವುದು, ಕೀಲುಗಳನ್ನು ತಿರುಗಿಸುವುದು, ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಒಂದೊಂದು ಸ್ನಾಯುವನ್ನೂ ಎಬ್ಬಿಸುವುದು: ಇಷ್ಟಕ್ಕೆ ಮುಕ್ಕಾಲು ಗಂಟೆ. ಬಳಿಕ ಕೈಗಳ ಮೇಲೆ ನಿಲ್ಲುವ ಅಭ್ಯಾಸ. ಕಂಬದವನಾಗಲಿ, ಉಯ್ಯಾಲೆಯವಳಾಗಲಿ, ಚೆಂಡುಗಳನ್ನು ಎಸೆದು ಹಿಡಿಯುವವನಾಗಲಿ, ಇದು ಯಾರಿಗೂ ತಪ್ಪಿದುದಲ್ಲ. ತಲೆ ಕೆಳಗಾಗಿ, ಅಂಗೈಗಳ ಮೇಲೆ ಮೈಯನ್ನೆಲ್ಲ ನೆಟ್ಟಗೆ ನಿಲ್ಲಿಸಿ, ಒಂದು ನಿಮಿಷವನ್ನು ಎಣಿಸುವುದು. ಆ ಒಂದು ನಿಮಿಷವು ಎಷ್ಟು ದೀರ್ಘವಾದುದೆಂಬುದನ್ನು ತಲೆಯ ಮೇಲೆ ನೀರು ಕೊಡವನ್ನು ಹೊತ್ತು ದೂರದ ಬಾವಿಯಿಂದ ನಡೆದು ಬಂದ ನಮ್ಮ ತಾಯಂದಿರು ಬಲ್ಲರು.

ಆ ಮೇಲೆ ಲಾಗದ ಪಾಠ. ‘ಏನು ಲಾಗ ಹಾಕಿದರೂ ಆಗದು’ ಎಂದು ನಾವು ಸುಲಭವಾಗಿ ಮಾತಾಡುತ್ತೇವಷ್ಟೆ. ಲಾಗವೆಂದರೆ ಏನೆಂಬುದು ಅದನ್ನು ಬಿಡಿಸಿ ಕಲಿಸುವವರನ್ನು ಕಂಡಾಗ ತಿಳಿಯುವುದು. ನೆಗೆತ ಬೇರೆ, ಮುದುಡುವುದು ಬೇರೆ, ತಿರುಗುವುದು ಬೇರೆ, ಬಿಚ್ಚುವುದು ಬೇರೆ, ನೆಲವನ್ನು ಮುಟ್ಟುವುದು ಬೇರೆ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ನೂರಾರು ಬಾರಿ ಮಾಡಿಸಿದ ಬಳಿಕವೇ ಜೋಡಿಸುವರು. ಮೊದಲು ಮೆತ್ತನೆಯ ತುಂಡುಗಳಿಂದ ತುಂಬಿದ ಹಳ್ಳದೊಳಕ್ಕೆ ಬೀಳಬೇಕು. ಅನಂತರ ದಪ್ಪ ಹಾಸಿಗೆ. ಅನಂತರ ತೆಳು ಹಾಸಿಗೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಇಳಿಯಲು ತಿಂಗಳುಗಳೇ ಹಿಡಿಯಬಹುದು. ಕುತ್ತಿಗೆಯನ್ನು ಒಳಕ್ಕೆಳೆದುಕೊಳ್ಳುವುದು, ಹೆಗಲಿನಿಂದ ಉರುಳುವುದು, ಕೈಯನ್ನು ಹಿಂದಕ್ಕೆ ಊರದಿರುವುದು, ಹೀಗೆ ಬೀಳುವುದಕ್ಕೂ ಕ್ರಮವುಂಟು.

ಎತ್ತರದ ಕೆಲಸಕ್ಕೆ ಹಾಸಿಗೆಯೊಂದೇ ಸಾಲದು. ಅಲ್ಲಿ ಲೋಂಜ್ ಎಂಬ ಹಗ್ಗವನ್ನು ಉಪಯೋಗಿಸುವರು. ವಿದ್ಯಾರ್ಥಿಯ ನಡುವಿಗೆ ಅಗಲವಾದ ಪಟ್ಟಿ. ಅದರಿಂದ ಹೊರಟ ಹಗ್ಗವು ಮೇಲಿನ ರಾಟೆಯನ್ನು ಸುತ್ತಿ ಕೆಳಗೆ ನಿಂತವರ ಕೈಗೆ ಬರುವುದು. ಮೇಲಿರುವವನು ತಪ್ಪಿದರೆ ಕೆಳಗಿನವನು ಹಗ್ಗವನ್ನು ಬಿಗಿದು ಅವನನ್ನು ಮೆಲ್ಲನೆ ನೆಲಕ್ಕಿಳಿಸಬೇಕು. ಬಿಗಿತವು ಹೆಚ್ಚಾದರೆ ಅಭ್ಯಾಸವು ಕೆಡುವುದು. ಸಡಿಲವಾದರೆ ಜೀವಕ್ಕೆ ಅಪಾಯ. ನೂಲುವ ಹೆಂಗಸು ಎಳೆಯನ್ನು ಬೆರಳಿನಲ್ಲಿ ಅರಿಯುವಂತೆ, ಹಗ್ಗ ಹಿಡಿದವನು ಮೇಲಿನ ಮೈಯನ್ನು ಅಂಗೈಯಲ್ಲಿ ಅರಿಯಬೇಕು.

ಮೊದಲ ವರುಷವೆಲ್ಲ ಗುರುಗಳೇ ಹಗ್ಗವನ್ನು ಹಿಡಿಯುತ್ತಿದ್ದರು. ಎರಡನೆಯ ವರುಷದ ಒಂದು ಮಧ್ಯಾಹ್ನ, ಉಯ್ಯಾಲೆಯ ಸಹಪಾಠಿನಿಯೊಬ್ಬಳು ಹೊಸ ತಿರುವೊಂದನ್ನು ಅಭ್ಯಾಸ ಮಾಡುವಾಗ, ಗುರುಗಳು ಹಗ್ಗವನ್ನು ನನ್ನ ಕೈಗಿತ್ತು ನನ್ನ ಹಿಂದೆ ನಿಂತರು. ಆಕೆ ಮೇಲಿನಿಂದ ಒಮ್ಮೆ ಕೆಳಗೆ ನೋಡಿದಳು, ಹಗ್ಗವು ಯಾರ ಕೈಯಲ್ಲಿರುವುದೆಂದು ಕಂಡಳು, ಮಾತಿಲ್ಲದೆ ತೂಗಲಾರಂಭಿಸಿದಳು. ಮೂರನೆಯ ಸಲ ಆಕೆಯ ಕೈ ಪಟ್ಟಿಯನ್ನು ತಪ್ಪಿತು. ಹಗ್ಗವು ನನ್ನ ಅಂಗೈಯಲ್ಲಿ ಜಗ್ಗಿತು; ನಾನು ಎರಡು ಹೆಜ್ಜೆ ಮುಂದಕ್ಕೆ ಎಳೆಯಲ್ಪಟ್ಟು ನಿಂತೆನು; ಆಕೆ ಗಾಳಿಯಲ್ಲಿ ಒಮ್ಮೆ ತೂಗಿ ಸುಖವಾಗಿ ಇಳಿದಳು. ಇಳಿದವಳು ನೀರು ಕುಡಿದು, ಬೆವರನ್ನೊರಸಿಕೊಂಡು, ಮತ್ತೆ ಏಣಿಯನ್ನು ಹತ್ತಿದಳು. ಅಂದಿನ ರಾತ್ರಿ ಎಷ್ಟೋ ಹೊತ್ತು ನನಗೆ ನಿದ್ದೆ ಬರಲಿಲ್ಲ. ನಾನು ಕಂಬದ ಮೇಲಿನಿಂದ ಮಾಡಿದ ಯಾವ ಜಾರುವಿಕೆಯೂ ನನ್ನ ಎದೆಯನ್ನು ಅಷ್ಟು ಬಡಿಯಿಸಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ನಾನು ಅನ್ನ, ಬೇಳೆ, ಮೊಸರುಗಳನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ. ಜೋಳದ ಹಿಟ್ಟು ಸಿಕ್ಕಿದ ವಾರವು ಹಬ್ಬದ ವಾರ. ಹೊಟ್ಟೆ ಬಿರಿಯುವಂತೆ ಉಂಡರೆ ಕಂಬವು ಏರಗೊಡದು. ಕಡಿಮೆ ಉಂಡರೆ ಕೈ ನಡುಗುವುದು. ಊಟದ ಮೇಜಿನಲ್ಲಿ ಆರೇಳು ದೇಶಗಳವರು ಕುಳಿತಿರುತ್ತಾರೆ. ಇಲ್ಲಿಯ ವ್ಯವಹಾರವೆಲ್ಲ ಫ್ರೆಂಚ್ ಭಾಷೆಯಲ್ಲಿ. ಮೊದಲ ತಿಂಗಳಲ್ಲಿ ನನಗೆ ತಿಳಿದಿದ್ದ ಶಬ್ದಗಳು ಹತ್ತು: ಬಲ, ಎಡ, ಮೇಲೆ, ಕೆಳಗೆ, ಬಿಡು, ಹಿಡಿ, ನಿಲ್ಲು, ಇನ್ನೊಮ್ಮೆ, ಸಾಕು, ನೋವು. ಈ ಹತ್ತರಿಂದಲೇ ಬಾಳನ್ನು ಸಾಗಿಸಿದೆನು.

ಊಟದ ನಂತರ ಎರಡು ಗಂಟೆ ನನ್ನ ಕಂಬ. ಮಿಕ್ಕವರು ತಮ್ಮ ತಮ್ಮ ವಿದ್ಯೆಗಳಲ್ಲಿ ತೊಡಗಿರುತ್ತಾರೆ. ಒಬ್ಬನು ಹಲಗೆಯ ಒಂದು ತುದಿಗೆ ಧುಮುಕಿದರೆ ಇನ್ನೊಂದು ತುದಿಯವನು ಮಾಡಿನವರೆಗೆ ಚಿಮ್ಮುವನು. ಇನ್ನೊಬ್ಬಳು, ಈ ಪ್ರಾಂತದವರೇ ಆದ ಡೇನಿಯಲ್ ಸಿರ್ ಎಂಬವರ ಹೆಸರಿನ ಒಂಟಿ ಬಳೆಯಂತಹ ದೊಡ್ಡ ಚಕ್ರದೊಳಗೆ ಕೈಕಾಲು ಚಾಚಿ, ನೆಲದ ಮೇಲೆ ನಾಣ್ಯವು ತಿರುಗುವಂತೆ ತಿರುಗುವಳು. ಮೊದಲ ದಿನ ಬಾಯಿ ಬಿಟ್ಟು ನೋಡಿದ ನಾನು ಈಗ ಅವಳ ಪಕ್ಕದಲ್ಲಿಯೇ ಕುಳಿತು ಬಟ್ಟೆಯ ಹರಕನ್ನು ಹೊಲಿದುಕೊಳ್ಳುತ್ತೇನೆ. ಬಳಿಕ ನೃತ್ಯ, ಅಭಿನಯ, ದೇಹರಚನೆಯ ಶಾಸ್ತ್ರ, ಹಗ್ಗ ಕೊಂಡಿಗಳು ಹೊರುವ ಭಾರದ ಲೆಕ್ಕ, ಇವುಗಳ ಪಾಠ. ತಾನು ಜೋಲುವ ಹಗ್ಗವನ್ನು ತಾನೇ ಪರೀಕ್ಷಿಸಲಾರದವನು ಈ ವೃತ್ತಿಗೆ ತಕ್ಕವನಲ್ಲವೆಂದು ಗುರುಗಳ ಮತ. ಯಾರಿಗಾದರೂ ಹೆಗಲೋ ಮೊಳಕಾಲೋ ನೊಂದರೆ ಅದನ್ನು ನೋಡಿ ಉಪಚರಿಸುವ ತಜ್ಞರು ಶಾಲೆಯಲ್ಲಿಯೇ ಇರುತ್ತಾರೆ. ಅವರು ಬೇಡವೆಂದ ದಿನ ಯಾವ ಗುರುವೂ ವಿದ್ಯಾರ್ಥಿಯನ್ನು ಮೇಲೆ ಹತ್ತಿಸುವುದಿಲ್ಲ.

ಸರ್ಕಸ್ಸಿನ ಚರಿತ್ರೆಯನ್ನೂ ನಾವು ಓದಬೇಕು. ೧೭೬೮ರಲ್ಲಿ ಲಂಡನ್ನಿನ ಫಿಲಿಪ್ ಆಸ್ಲಿ ಎಂಬ ಸವಾರನು ಕುದುರೆಗಳನ್ನು ವೃತ್ತಾಕಾರವಾಗಿ ಓಡಿಸಿ ಅವುಗಳ ಬೆನ್ನಿನ ಮೇಲೆ ನಿಂತು ಆಡಿದುದೂ, ೪೨ ಅಡಿ ವ್ಯಾಸದ ಆ ವೃತ್ತವೇ ಲೋಕದ ಸರ್ಕಸ್ಸುಗಳಿಗೆಲ್ಲ ಅಳತೆಯಾದುದೂ ಅಲ್ಲಿಯ ಮೊದಲ ಪಾಠ. ನಮ್ಮ ದೇಶದ ಸಂಗತಿಯನ್ನು ಹೇಳುವ ಸರದಿ ನನ್ನದಾಗಿದ್ದಾಗ ನಾನು ತಲಶೇರಿಯ ಕಥೆಯನ್ನು ಹೇಳಿದೆನು. ೧೮೮೦ರಲ್ಲಿ ವಿಷ್ಣುಪಂತ ಛತ್ರೆಯವರು ನಮ್ಮವರದೇ ಆದ ಸರ್ಕಸ್ಸನ್ನು ಕಟ್ಟಿದರು. ಅವರು ಮಲಬಾರಿನ ತಲಶೇರಿಗೆ ಬಂದಾಗ ಅಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ವ್ಯಾಯಾಮದ ಉಪಾಧ್ಯಾಯರನ್ನು ಕಂಡರು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗೂ ಅಚ್ಚುಕೂಟಕ್ಕೂ ಹೆಸರಾದ ಬಾಸೆಲ್ ಮಿಷನ್ನಿನವರು ತಲಶೇರಿಯಲ್ಲಿ ನಡೆಯಿಸುತ್ತಿದ್ದ ಶಾಲೆಯಲ್ಲಿ ಇವರು ಕಲಿಸುತ್ತಿದ್ದರು. ಕಳರಿಯ ಸಾಧನೆಯನ್ನೂ ಬಲ್ಲ ಈ ಮಹನೀಯರು ೧೯೦೧ರಲ್ಲಿ ತಲಶೇರಿಯ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಹಗ್ಗದ ಮೇಲಿನ ಆಟದಿಂದ ಯೂರೋಪು ಅಮೆರಿಕಗಳಲ್ಲಿ ಖ್ಯಾತಿಯನ್ನು ಪಡೆದ ಕಣ್ಣನ್ ಬೊಂಬಾಯೊ ಅವರ ಪರಂಪರೆಯವನು. ಮಾಂಟ್ರಿಯಲ್ಲಿನ ಶಾಲೆಗೆ ೮೦ ವರುಷ ಮೊದಲು ಮಲಬಾರಿನಲ್ಲಿ ಶಾಲೆಯಿದ್ದಿತೆಂದು ಕೇಳಿ ಸಹಪಾಠಿಗಳು ವಿಸ್ಮಯಪಟ್ಟರು. ನನಗಾದರೋ ಸಂತೋಷದ ಜೊತೆಗೆ ಒಂದು ಯೋಚನೆಯೂ ಹತ್ತಿತು.

ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂಬತ್ತಾದಾಗ ನಮ್ಮೂರಿನಲ್ಲಿ ಬೆಳಗಿನ ಏಳೂವರೆ. ಬಟ್ಟೆಗಳನ್ನು ಒಗೆದು, ನೊಂದ ಮೊಳಕಾಲಿಗೆ ಹಿಮದ ಗಡ್ಡೆಯನ್ನು ಕಟ್ಟಿಕೊಂಡು ನಾನು ದೂರವಾಣಿಯಲ್ಲಿ ತಾಯಿಯೊಡನೆ ಮಾತಾಡುವ ಹೊತ್ತು ಅದು. ತಂಗಿಗೆ ಗಂಡು ನೋಡುತ್ತಿದ್ದಾರೆ. ಬೀಗರಾಗಬಹುದಾದವರು ‘ಅಣ್ಣನು ಏನು ಓದುತ್ತಾನೆ?’ ಎಂದು ಕೇಳಿದರೆ ‘ಕೆನಡಾದಲ್ಲಿ ಓದುತ್ತಾನೆ’ ಎಂದಷ್ಟೇ ಹೇಳಿ ತಾಯಿಯು ಕಾಫಿಯನ್ನು ತರಲು ಒಳಗೆ ಹೋಗುವಳಂತೆ. ಅಜ್ಜಿ ಮಾತ್ರ ನೇರವಾದ ಮಾತಿನವಳು. ‘ದೊಂಬರಾಟ ಕಲಿಯಲು ಏಳು ಸಮುದ್ರ ದಾಟಬೇಕಿತ್ತೇನೋ? ನಮ್ಮ ಬಯಲಿಗೇ ಅವರು ಬರುತ್ತಿದ್ದರಲ್ಲ’ ಎಂದು ನಗುತ್ತಾಳೆ.

ಅಜ್ಜಿಯ ಮಾತು ನಗೆಯದಾದರೂ ಬರಿಯ ನಗೆಯದಲ್ಲ. ದೊಂಬರು ಊರ ಮುಂದೆ ಗಳೆಯನ್ನು ನೆಟ್ಟು, ಹಗ್ಗವನ್ನು ಬಿಗಿದು ಮಾಡುತ್ತಿದ್ದ ಆಟಕ್ಕೂ ಇಲ್ಲಿ ನಾವು ಮಾಡುವುದಕ್ಕೂ ಕೌಶಲದಲ್ಲಿ ಹೆಚ್ಚಿನ ಅಂತರವಿಲ್ಲ. ಆದರೂ ಆ ಗಳೆಯ ತುದಿಯಲ್ಲಿ ಹೊಟ್ಟೆಯೂರಿ ಗಿರ್ರನೆ ತಿರುಗುತ್ತಿದ್ದ ಹುಡುಗಿಯು ಇಳಿದು ಬಂದು ಒಡ್ಡುತ್ತಿದ್ದುದು ಭಿಕ್ಷೆಯ ಬಟ್ಟಲನ್ನು; ನನಗೆ ಈ ವರುಷದ ಕೊನೆಗೆ ದೊರೆಯುವುದು ಪದವಿಯ ಪತ್ರ. ಅವಳ ಕೆಳಗೆ ಹಾಸಿಗೆಯಿರಲಿಲ್ಲ, ನಡುವಿಗೆ ಹಗ್ಗವಿರಲಿಲ್ಲ, ಕೈ ಮುರಿದರೆ ವೈದ್ಯನಿರಲಿಲ್ಲ, ಓದಲು ಪುಸ್ತಕವಿರಲಿಲ್ಲ. ನಮ್ಮಿಬ್ಬರ ನಡುವಿನ ಅಂತರವು ವಿದ್ಯೆಯದಲ್ಲ, ಏರ್ಪಾಡಿನದು. ನಮ್ಮ ದೇಶದ ಡೇರೆಗಳಲ್ಲಿಯೂ ಎಳೆಯ ಮಕ್ಕಳ ಸಂಕಟವು ನ್ಯಾಯಾಲಯದ ಬಾಗಿಲವರೆಗೆ ಹೋಗಬೇಕಾಯಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಅದು ಯುಕ್ತವಾದುದೇ. ಆದರೆ ನಿಷೇಧವು ಮಗುವನ್ನು ಗಳೆಯಿಂದ ಇಳಿಸುವುದೇ ಹೊರತು, ಗಳೆಯ ವಿದ್ಯೆಯನ್ನು ಉಳಿಸಲಾರದು. ಅದಕ್ಕೆ ಶಾಲೆಯೇ ಬೇಕು.

ಮಕ್ಕಳಿಗೆ ಮೈಯ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದರೆ ತಂದೆತಾಯಿಗಳು ಹೆದರಬೇಕಾದುದಿಲ್ಲ; ವಿಚಾರಿಸಬೇಕಾದುದುಂಟು. ಮಲ್ಲಕಂಬವಾಗಲಿ, ಕುಸ್ತಿಯಾಗಲಿ, ನೃತ್ಯವಾಗಲಿ, ಕಲಿಸುವವರ ಬಳಿಗೆ ಮಗುವನ್ನು ಕಳುಹಿಸುವ ಮೊದಲು ಮೂರು ಸಂಗತಿಗಳನ್ನು ಕೇಳಿ ತಿಳಿಯಬೇಕು. ಮಗುವು ಮೇಲಿರುವಾಗ ಕೆಳಗೆ ನಿಲ್ಲುವವರು ಯಾರು? ಅದು ‘ನೋವು’ ಎಂದರೆ ಆಟವು ನಿಲ್ಲುವುದೇ? ಸಂಜೆ ಮನೆಗೆ ಬಂದು ಪುಸ್ತಕವನ್ನು ಹಿಡಿಯುವಷ್ಟು ತ್ರಾಣವು ಅದರಲ್ಲಿ ಉಳಿದಿರುವುದೇ? ಈ ಮೂರಕ್ಕೂ ತೃಪ್ತಿಕರವಾದ ಉತ್ತರವು ದೊರೆತಲ್ಲಿ ಮಗುವನ್ನು ನಿಶ್ಚಿಂತೆಯಿಂದ ಕಳುಹಿಸಬಹುದು. ಬೇಸಗೆಯಲ್ಲಿ ಊರಿಗೆ ಬಂದಾಗ ನಮ್ಮ ಗರಡಿಯ ಕಂಬದ ಸುತ್ತಲೂ ಒಳ್ಳೆಯ ಹಾಸಿಗೆಯೊಂದನ್ನು ಹಾಕಿಸಬೇಕೆಂದಿದ್ದೇನೆ. ಅದರ ವೆಚ್ಚವನ್ನು ಅಜ್ಜಿಯೇ ಕೊಡುವೆನೆಂದಿದ್ದಾಳೆ.