ಚಿತ್ತವಾಡ್ಗಿ: ಊರಹೆಸರಿನ ಬೆನ್ನುಹತ್ತಿ

ಹೊಸಪೇಟೆಯಲ್ಲಿ ಇಳಿದು ಹಂಪಿಯ ಬಸ್ಸು ಹಿಡಿಯುವ ಆತುರದಲ್ಲಿರುವ ಯಾತ್ರಿಕರು ಚಿತ್ತವಾಡ್ಗಿಯತ್ತ ಕಣ್ಣು ಹಾಯಿಸುವುದು ಅಪರೂಪ. ಪೇಟೆಗೆ ಅಂಟಿಕೊಂಡೇ ಬೆಳೆದ ಈ ಊರಿನಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಗುಡಿಯಲ್ಲ, ಗೋಪುರವಲ್ಲ, ಅದರ ಹೆಸರು. ಬಾಯಿಮಾತಿನಲ್ಲಿ ಅದು ಚಿತ್ತವಾಡ್ಗಿ. ಬರವಣಿಗೆಯಲ್ಲಿ ಚಿತ್ತವಾಡಗಿ, ಚಿತ್ತವಾಡಿಗಿ ಎಂಬ ರೂಪಗಳೂ ಉಂಟು. ಹಳೆಯ ನಕ್ಷೆಯನ್ನು ಇಂದಿನ ನೆಲಕ್ಕೆ ಹೊಂದಿಸಿ ನೋಡುವವರಿಗೆ ಈ ಒಂದು ಒತ್ತಕ್ಷರವೂ ಸಣ್ಣ ಸಂಗತಿಯಲ್ಲ.

ಆಂಗ್ಲರ ಕಾಲದ ನಕ್ಷೆಗಳು ಹೆಸರುಗಳನ್ನು ರೋಮನ್ ಲಿಪಿಗೆ ಇಳಿಸಿದವು. ಅಕ್ಷರದ ಕೆಳಗಣ ಚುಕ್ಕೆಗಳನ್ನು ಬಿಟ್ಟರೆ ಆ ಲಿಪಿಯಲ್ಲಿ ದಕಾರ ಡಕಾರಗಳಿಗೆ ಭೇದವಿಲ್ಲ, ಲಕಾರ ಳಕಾರಗಳಿಗೂ ಇಲ್ಲ. ಅದನ್ನು ಓದಿದ ಪರಊರಿನವರು ಸಂಡೂರನ್ನು ಸಂದೂರು ಎಂದರೆ ತಪ್ಪು ಅವರದೆನ್ನಲಾದೀತೆ? ನಮ್ಮ ಮಲಪನಗುಡಿಯು ಇಂಗ್ಲಿಷ್ ಗ್ರಂಥಗಳಲ್ಲಿ ಒಮ್ಮೊಮ್ಮೆ ನಕಾರಕ್ಕೆ ಒತ್ತು ಪಡೆದು ಮಲಪನ್ನಗುಡಿಯಾಗಿದೆ. ಹೊಸಪೇಟೆಯ ಇಂಗ್ಲಿಷ್ ಕಾಗುಣಿತವಂತೂ ಕನ್ನಡದ ಉಚ್ಚಾರವನ್ನು ಅಧಿಕೃತವಾಗಿ ಹೊಂದಿದ್ದು 2014ರ ನವೆಂಬರ್ 1ರಂದು.

ಇನ್ನೊಂದು ಸಂಗತಿ ಗಮನಾರ್ಹ. ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಅನಂತಶಯನಗುಡಿಯ ದೇವಾಲಯ 1524ರದು. ಅಲ್ಲಿನ ಊರಿಗೆ ಅರಸನು ಮಗ ತಿರುಮಲನ ಹೆಸರಿನಿಂದ ತಿರುಮಲ ಮಹಾರಾಯಪುರವೆಂದು ಹೆಸರಿಟ್ಟಿದ್ದನು. ಅರಸನಿತ್ತ ಹೆಸರುಗಳು ಶಾಸನಗಳಲ್ಲಿ, ಗ್ರಂಥಗಳಲ್ಲಿ ಉಳಿದವು. ಜನರ ನಾಲಗೆ ಹೊಸ ಪೇಟೆಯೆಂದೂ ಅನಂತಶಯನನ ಗುಡಿಯೆಂದೂ ಸರಳವಾಗಿ ಕರೆಯಿತು. ನಕ್ಷೆ ಬರೆಯುವವರು ಎರಡನ್ನೂ ಕಾಲಸಹಿತ ದಾಖಲಿಸಬೇಕು, ಒಂದಕ್ಕಾಗಿ ಇನ್ನೊಂದನ್ನು ಅಳಿಸಬಾರದು.

ಕಾಲಿನ್ ಮೆಕೆಂಜಿಯು 1799ರಲ್ಲಿ ಹಂಪಿಯ ಅವಶೇಷಗಳ ನಕ್ಷೆ ಮಾಡಿಸಿದನು. 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆದನು. ಅವನ ನಕ್ಷೆಗಿಂತ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು, ಕಾವಲಿ ವೆಂಕಟ ಬೋರಯ್ಯ ಮೊದಲಾದ ಅವನ ಸಹಾಯಕರು ಊರೂರು ತಿರುಗಿ ದೇಶಭಾಷೆಗಳಲ್ಲಿಯೇ ಕೂಡಿಸಿದ ಕೈಫಿಯತ್ತುಗಳು. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕನ್ನಡ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಊರಹೆಸರು ಊರವರ ಲಿಪಿಯಲ್ಲಿ ದೊರೆತರೆ ಅರ್ಧ ಕೆಲಸ ಮುಗಿದಂತೆ. ಚಿತ್ತವೆಂದೊಡನೆ ಮನಸ್ಸೆಂದು ಅರ್ಥ ಕಟ್ಟಿ, ಆ ಅರ್ಥಕ್ಕೆ ತಕ್ಕಂತೆ ಕಾಗುಣಿತ ತಿದ್ದುವ ಪಾಂಡಿತ್ಯ ಮಾತ್ರ ಬೇಡ!

ಊರಿನ ಹೆಸರಿಗಾದರೂ ಹಲಗೆಯುಂಟು. ಕೆರೆಯಂಗಳ, ತೂಬು, ಹೊಲದ ಪಟ್ಟಿ, ಬಂಡಿದಾರಿಗಳ ಹೆಸರಿಗೆ ಅದೂ ಇಲ್ಲ. ಬಸವಣ್ಣ ಕಾಲುವೆಯ ನೀರುಂಡ ಗದ್ದೆ ನಿವೇಶನವಾದರೆ ಬಡಾವಣೆಗೆ ಹೊಸ ನಾಮಕರಣ ನಡೆಯುತ್ತದೆ. ಹಳೆಯದು ಒಬ್ಬಿಬ್ಬರು ಹಿರಿಯರ ನೆನಪಿನಲ್ಲಷ್ಟೇ ನಿಲ್ಲುತ್ತದೆ. ಈ ಭಾಗದ ಓದುಗರ ಮನೆಗಳಲ್ಲಿ ತಾತಂದಿರ ಕಾಲದ ಕ್ರಯಪತ್ರಗಳು ಪೆಟ್ಟಿಗೆಯ ತಳದಲ್ಲಿರಬಹುದು. ಅವುಗಳ ಚಕ್ಕುಬಂದಿಯನ್ನು ಓದಿರಿ. ಮೂಡಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಬಾವಿ ಎಂಬಲ್ಲಿ ಆ ಹೆಸರುಗಳು ಸಿಕ್ಕಾವು. ಇಸವಿಯೊಡನೆ ಅವನ್ನು ನಕಲು ಮಾಡಿ, ಮನೆಯ ಹಿರಿಯರಿಂದ ಒಮ್ಮೆ ಹೇಳಿಸಿ ಕೇಳಿರಿ. ಅಕ್ಷರ ತಪ್ಪೆಂದು ತೋರಿದರೂ ತಿದ್ದದೆ, ಇದ್ದಂತೆಯೇ ಬರೆದಿಡಿರಿ.