ಎಂಟು ಸಿಲಿಂಡರ್, ಎರಡೂವರೆ ಸಾವಿರ ಡಾಲರ್

ನಮ್ಮ ಕ್ಯಾಂಪಸ್ಸಿನಲ್ಲಿ ಗಾಡಿ ಹುಚ್ಚಿನವರಿಗೆ ಬರವಿಲ್ಲ. ಸೈಲೆನ್ಸರ್ ಬದಲಾಯಿಸಿ, ಏರ್ ಫಿಲ್ಟರ್ ಬದಲಾಯಿಸಿ, 'ಪಿಕಪ್ ಸಖತ್ ಜಾಸ್ತಿ ಆಯ್ತು ಮಗಾ' ಅನ್ನೋರು ಪ್ರತಿ ಹಾಸ್ಟೆಲ್ ಬ್ಲಾಕಿನಲ್ಲೂ ಸಿಗ್ತಾರೆ. ಎಷ್ಟು ಜಾಸ್ತಿ ಆಯ್ತು ಅಂತ ಕೇಳಿದರೆ ಮಾತ್ರ ಉತ್ತರ ಸದ್ದಿನಲ್ಲಿ ಬರುತ್ತದೆ, ಸಂಖ್ಯೆಯಲ್ಲಿ ಬರುವುದಿಲ್ಲ. ಈ ಸೆಮಿಸ್ಟರ್ ನಮ್ಮ ಐದು ಜನರ ಗುಂಪಿಗೆ ಸಂಖ್ಯೆಯಲ್ಲೇ ಉತ್ತರ ಕೊಡಬೇಕಾದ ಕೆಲಸವೊಂದು ಬಂತು.

ನಮ್ಮಲ್ಲೊಬ್ಬನ ಅಣ್ಣ ಅಮೆರಿಕದ ಮಿಶಿಗನ್‌ನಲ್ಲಿ ಕೆಲಸದಲ್ಲಿದ್ದಾರೆ. ಬಹಳ ವರ್ಷದ ಆಸೆಯಂತೆ ಒಂದು 1972ರ ಶೆವ್ರೊಲೆ ಶೆವೆಲ್ ಕೊಂಡರು. 350 ಘನ ಇಂಚಿನ, ಅಂದರೆ ನಮ್ಮ ಲೆಕ್ಕದಲ್ಲಿ 5.7 ಲೀಟರಿನ ವಿ8 ಎಂಜಿನ್, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, ಮೂರು ಗೇರಿನ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹೆಚ್ಚು ಕಡಿಮೆ ಕಾರ್ಖಾನೆಯಿಂದ ಬಂದ ಹಾಗೇ ಇದೆ. ಎಂಜಿನ್ ಕೆಲಸಕ್ಕೆ ಅಂತ 2,500 ಡಾಲರ್ ಎತ್ತಿಟ್ಟಿದ್ದರು. ವೀಡಿಯೊ ಕಾಲ್‌ನಲ್ಲಿ, 'ಏನ್ರೋ, ಐದು ಜನ ಮೆಕ್ಯಾನಿಕಲ್ ಓದ್ತಾ ಇದ್ದೀರಿ. ಇಷ್ಟು ದುಡ್ಡಲ್ಲಿ ಏನ್ ಹಾಕಿಸ್ಲಿ, ಲೆಕ್ಕ ಹಾಕಿ ಹೇಳಿ' ಅಂದರು. ಅವರ ಪಟ್ಟಿ ಆಗಲೇ ರೆಡಿ ಇತ್ತು: ಅಲ್ಯೂಮಿನಿಯಂ ಸಿಲಿಂಡರ್ ಹೆಡ್, ದೊಡ್ಡ ಕ್ಯಾಮ್, 750 ಸಿಎಫ್‌ಎಂ ಕಾರ್ಬ್ಯುರೇಟರ್.

ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ8 ಇಟ್ಟ ಗಾಡಿ. 1964ರಲ್ಲಿ ಪಾಂಟಿಯಾಕ್ ಜಿಟಿಒ 389 ಘನ ಇಂಚಿನ ಎಂಜಿನ್ ಹೊತ್ತು ಬಂದ ಮೇಲೆ ಈ ಚಾಳಿ ಜೋರಾಯಿತು. ಶೆವೆಲ್ ಅದೇ ಮನೆತನದ್ದು.

ಮೊದಲ ದಿನವೇ ಒಂದು ಗೊಂದಲ. ಇದೇ 350ರ ಎರಡು ಬ್ಯಾರೆಲ್ ಎಂಜಿನ್ನಿಗೆ 1970ರಲ್ಲಿ 250 ಹಾರ್ಸ್‌ಪವರ್ ಅಂತಿದೆ, 1972ರಲ್ಲಿ 165 ಅಂತಿದೆ. 85 ಕುದುರೆಗಳು ಎಲ್ಲಿ ಓಡಿಹೋದವು? ಹುಡುಕಿದಾಗ ಗೊತ್ತಾಗಿದ್ದು, ಬಹುಪಾಲು ಅಳತೆ ಬದಲಾಗಿತ್ತು. ಹಳೆಯದು ಗ್ರಾಸ್: ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು, ಏರ್ ಕ್ಲೀನರ್ ಇಲ್ಲದೆ, ಕಾರಿನ ಸೈಲೆನ್ಸರ್ ಇಲ್ಲದೆ ಅಳೆದದ್ದು. ಹೊಸದು ನೆಟ್: ಎಲ್ಲವನ್ನೂ ಕಟ್ಟಿಕೊಂಡು ಅಳೆದದ್ದು. ಜೊತೆಗೆ 1971ರಿಂದ ಕಡಿಮೆ ಸೀಸದ ಪೆಟ್ರೋಲಿಗೆ ಹೊಂದಲಿ ಅಂತ ಕಂಪ್ರೆಶನ್ ರೇಶಿಯೊವನ್ನು 9ರಿಂದ 8.5ಕ್ಕೆ ಇಳಿಸಿದ್ದರು. ಪಾಕೆಟ್ ಮನಿ ಮತ್ತು ಸ್ಟೈಪೆಂಡ್ ನಡುವಿನ ವ್ಯತ್ಯಾಸ ಗೊತ್ತಿರುವ ನಮಗೆ ಗ್ರಾಸ್, ನೆಟ್ ಅರ್ಥ ಆಗೋಕೆ ತಡವಾಗಲಿಲ್ಲ.

ಪಟ್ಟಿಯಲ್ಲಿ ಮೊದಲು ಕೈ ಇಟ್ಟಿದ್ದು ಕಾರ್ಬ್ಯುರೇಟರಿಗೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ಘನ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ ಸಿಗುತ್ತದೆ. 350ನ್ನು 5,500ರಿಂದ ಗುಣಿಸಿ ಭಾಗಿಸಿದರೆ 557. ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ 85 ಪರ್ಸೆಂಟ್ ಹಿಡಿದರೆ ಸುಮಾರು 473. ಹಾಗಾಗಿ 600 ಸಿಎಫ್‌ಎಂನ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಧಾರಾಳವಾಯಿತು. 750 ಹಾಕಿದರೆ ಎಂಜಿನ್ ಹೆಚ್ಚು ಗಾಳಿ ಕುಡಿಯುವುದಿಲ್ಲ.

ಹೆಡ್‌ಗಳ ಲೆಕ್ಕ ಮಾತ್ರ ನಮಗೂ ಆಸೆ ಹುಟ್ಟಿಸಿತು. ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ ಸುಮಾರು 717 ಸಿಸಿ. ಕಂಪ್ರೆಶನ್ 8.5 ಇದ್ದರೆ ಕ್ಲಿಯರೆನ್ಸ್ ವಾಲ್ಯೂಮ್ 95.5 ಸಿಸಿ. ಹಳೆಯ ಹೆಡ್ಡಿನ 76 ಸಿಸಿ ಚೇಂಬರಿನ ಬದಲು 64 ಸಿಸಿಯದು ಬಂದರೆ 12 ಸಿಸಿ ಕಳೆಯಿತು, ಕಂಪ್ರೆಶನ್ 9.6ರ ಹತ್ತಿರ ಹೋಯಿತು. ಕಾಗದದ ಮೇಲೆ ಚಂದ. ಆದರೆ ಒಂದು ಜೊತೆ ಹೆಡ್ಡಿಗೇ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ದೊಡ್ಡ ಕ್ಯಾಮ್‌ನ ಕಥೆ ಬೇರೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಡಿಮೆ ಆರ್‌ಪಿಎಂನಲ್ಲಿ ಎಳೆದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ಮೊದಲೇ ಕಂಪ್ರೆಶನ್ ಕಡಿಮೆ ಇರುವ ಎಂಜಿನ್ನು ಸಿಗ್ನಲ್ಲಿನಿಂದ ಹೊರಡುವಾಗ ಇನ್ನಷ್ಟು ಸೋಮಾರಿಯಾಗುತ್ತದೆ. ಐಡ್ಲಿಂಗ್‌ನಲ್ಲಿ 'ಗುಡು ಗುಡು' ಅಂತ ಬರುವ ಆ ಸದ್ದಿಗೆ ಕಾರಣವಾದ ವಾಲ್ವ್ ಓವರ್‌ಲ್ಯಾಪ್, ಇನ್‌ಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮನ್ನೂ ತಿನ್ನುತ್ತದೆ. ಪವರ್ ಬ್ರೇಕಿನ ಬೂಸ್ಟರ್ ನಡೆಯುವುದು ಅದೇ ವ್ಯಾಕ್ಯೂಮಿನಲ್ಲಿ.

ಬ್ರೇಕ್ ಮಾತು ಬಂದಿದ್ದೇ ತಡ, ನಮ್ಮೊಳಗೆ ಜಗಳ ಶುರುವಾಯಿತು. ಭಾನುವಾರ ಆ ಕಾರಿನಲ್ಲಿ ಹೋಗೋರು ಅಣ್ಣ, ಅತ್ತಿಗೆ, ಐದು ವರ್ಷದ ಮಗಳು. ಸುಮಾರು 1,600 ಕೆಜಿ ತೂಕ. ಗಂಟೆಗೆ 65 ಮೈಲಿಯಲ್ಲಿ ಚಲನಶಕ್ತಿ ಸುಮಾರು 6.7 ಲಕ್ಷ ಜೂಲ್, 80 ಮೈಲಿಯಲ್ಲಿ ಹತ್ತು ಲಕ್ಷ ದಾಟುತ್ತದೆ. ವೇಗ 23 ಪರ್ಸೆಂಟ್ ಏರಿದರೆ ಬ್ರೇಕು ನುಂಗಬೇಕಾದ ಶಾಖ 51 ಪರ್ಸೆಂಟ್ ಏರುತ್ತದೆ. ಡ್ರಮ್ ಆ ಶಾಖವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡು ಬೇಗ ಆರುತ್ತದೆ. ನಮ್ಮಲ್ಲಿ ಇಬ್ಬರು, 'ಅವರು ಕೇಳಿದ್ದು ಎಂಜಿನ್, ಎಂಜಿನ್ ಬಗ್ಗೆ ಮಾತ್ರ ಹೇಳೋಣ' ಅಂದರು. ಮೂವರು ಒಪ್ಪಲಿಲ್ಲ. ಮಗು ಹಿಂದಿನ ಸೀಟಿನಲ್ಲಿ ಕೂರುತ್ತೆ ಅಂತ ಗೊತ್ತಿದ್ದೂ ಪ್ರಶ್ನೆಪತ್ರಿಕೆಯಲ್ಲಿ ಇಲ್ಲ ಅಂತ ಬಿಟ್ಟುಬಿಡೋಕೆ ಇದು ಇಂಟರ್ನಲ್ ಟೆಸ್ಟ್ ಅಲ್ಲವಲ್ಲ. ಎರಡು ರಾತ್ರಿಯ ವಾದದ ನಂತರ ಐವರೂ ಒಂದೇ ಪಟ್ಟಿಗೆ ಬಂದೆವು.

ಮೊದಲು, ಕಂಪ್ರೆಶನ್ ಟೆಸ್ಟ್ ಮತ್ತು ಇಗ್ನಿಶನ್ ಟೈಮಿಂಗ್. ಅಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಗೇಜ್ ಎರವಲು ಸಿಗುತ್ತದೆ. ಎಂಟೂ ಸಿಲಿಂಡರ್ 140ರಿಂದ 150 ಪಿಎಸ್‌ಐ ಒಳಗೆ ಬಂದವು, ಎಂಜಿನ್ ಆರೋಗ್ಯವಾಗಿದೆ. ಎರಡನೆಯದು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಮೂರನೆಯದು, ಡ್ಯುಯಲ್ ಪ್ಲೇನ್ ಮ್ಯಾನಿಫೋಲ್ಡ್ ಮತ್ತು 600ರ ಕಾರ್ಬ್ಯುರೇಟರ್. ನಾಲ್ಕನೆಯದು, ಎರಡೂವರೆ ಇಂಚಿನ ಜೋಡಿ ಎಕ್ಸಾಸ್ಟ್. ಹೆಡ್ ಮತ್ತು ಕ್ಯಾಮ್ ಮುಂದೆಂದಾದರೂ, ಒಟ್ಟಿಗೇ, ಒಂದಕ್ಕೊಂದು ಹೊಂದುವ ಹಾಗೆ.

ಹಿಂದಿನ ಆಕ್ಸಲ್ಲಿನ 2.73 ಗೇರನ್ನು 3.42 ಮಾಡಿದರೆ ಚಕ್ರಕ್ಕೆ 25 ಪರ್ಸೆಂಟ್ ಹೆಚ್ಚು ಟಾರ್ಕ್ ಸಿಗುತ್ತದೆ ಅನ್ನೋದನ್ನೂ ಬರೆದಿದ್ದೆವು. ಆದರೆ ಓವರ್‌ಡ್ರೈವ್ ಇಲ್ಲದ ಈ ಗಾಡಿ 27 ಇಂಚಿನ ಟೈರಿನಲ್ಲಿ 65 ಮೈಲಿ ಓಡುವಾಗ ಸುಮಾರು 2,200 ಇರುವ ಆರ್‌ಪಿಎಂ 2,770ರ ಹತ್ತಿರ ಹೋಗುತ್ತದೆ. ಹೈವೇಯಲ್ಲಿ ಪಕ್ಕದವರ ಜೊತೆ ಮಾತಾಡಬೇಕಾ ಬೇಡವಾ ಅಂತ ಅವರೇ ತೀರ್ಮಾನಿಸಲಿ ಅಂತ ಬಿಟ್ಟೆವು.

ಅಣ್ಣ ಪಟ್ಟಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಬ್ರೇಕ್‌ಗೆ ದುಡ್ಡು ಹಾಕಿದ್ರೆ ಇಲ್ಲಿ ಫ್ರೆಂಡ್ಸ್‌ಗೆ ಏನ್ ತೋರಿಸ್ಲೋ?' ಅಂದರು. ಹಿಂದಿನಿಂದ ಅತ್ತಿಗೆಯ ದನಿ ಕೇಳಿತು: 'ರೀ, ಬೇಕಾದ ಕಡೆ ನಿಲ್ಲತ್ತೆ ಅಂತ ತೋರ್ಸಿ.'

ಡಿಸ್ಕ್ ಬ್ರೇಕ್ ಕೂತಿದೆ. ಬಜೆಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಖರ್ಚಾಯಿತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರದು, ಹಳೆ ಕಾರು ತುಕ್ಕು ಹಿಡಿಯುತ್ತೆ ಅಂತ ಈಗ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿದೆ. ವಸಂತಕ್ಕೆ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್ ಕೂರುತ್ತವೆ. ಎಷ್ಟು ಜಾಸ್ತಿ ಆಯ್ತು ಅಂತ ಡೈನೊ ಮೇಲೆ ಅಳೆಸಿ ಶೀಟ್ ಕಳಿಸ್ತೀನಿ ಅಂದಿದ್ದಾರೆ. ಬಂದ ದಿನ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಹಾಕ್ತೀವಿ, ಬಂದು ನೋಡಿ.